ಮಧ್ಯಾಹ್ನ ಎರಡಕ್ಕೆ ಗಾಡಿ ನಿಲ್ಲಲಿ: ಶಿರಸಿಯಿಂದ ನೀಲಗಿರಿಗೆ ಬೇಸಿಗೆಯ ಬೈಕ್ ಪ್ರವಾಸ

ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿದು ಕೈ ಬಿಡುವಾಗುವುದು ಏಪ್ರಿಲ್ ಕೊನೆಗೆ. ಮೇ ಕೊನೆಯ ವಾರ ಮತ್ತೆ ಶಾಲೆ. ಆ ನಡುವಿನ ದಿನಗಳಲ್ಲಿ ಆರು ಬಾರಿ, ನಾನು ಮತ್ತು ಕಾರವಾರದಲ್ಲಿ ಕೆಲಸ ಮಾಡುವ ನನ್ನ ತಂಗಿ, ಎರಡು ಬೈಕ್‌ಗಳಲ್ಲಿ ಘಟ್ಟದ ನೆತ್ತಿ ಹಿಡಿದು ಊಟಿಯವರೆಗೆ ಹೋಗಿ ಬಂದಿದ್ದೇವೆ. ನನ್ನದು 150 ಸಿಸಿ ಗಾಡಿ, ಅವಳದು 160. ಒಂಬತ್ತು ದಿನ ಓಡಾಟ, ಎರಡು ದಿನ ವಿಶ್ರಾಂತಿ.

ಹೊರಡಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು ಯಾವ ಬೈಕ್ ಒಳ್ಳೆಯದು ಎಂದು. ಚೆನ್ನಾಗಿ ನೋಡಿಕೊಂಡ ಯಾವ ಬೈಕಾದರೂ ಈ ದಾರಿಯನ್ನು ಮುಗಿಸುತ್ತದೆ. ಮೊದಲು ತೀರ್ಮಾನವಾಗಬೇಕಾದದ್ದು ಬೇರೆ: ದಿನದ ಯಾವ ಹೊತ್ತಿಗೆ ನೀವು ಯಾವ ರಸ್ತೆಯ ಮೇಲಿರುತ್ತೀರಿ? ಉಳಿದ ಯೋಜನೆಯೆಲ್ಲ ಈ ಒಂದು ಪ್ರಶ್ನೆಯ ಉತ್ತರದಿಂದ ಹುಟ್ಟುತ್ತದೆ.

ಇದನ್ನು ನಾನು ಕಲಿತದ್ದು ಮೊದಲ ವರ್ಷ, ಶನಿವಾರಸಂತೆಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ. ಸಕಲೇಶಪುರದಲ್ಲಿ ನಿಧಾನವಾಗಿ ಊಟ ಮಾಡಿ ಹೊರಟಿದ್ದೆವು. ಮೂರೂವರೆಯ ಹೊತ್ತಿಗೆ ಆಕಾಶ ಕೆಂಡದ ಮೇಲಿನ ಬೂದಿಯ ಬಣ್ಣಕ್ಕೆ ತಿರುಗಿತು. ಮೊದಲು ಗಾಳಿ, ಅದರ ಹಿಂದೆಯೇ ಆಲಿಕಲ್ಲು. ಬಸ್ ತಂಗುದಾಣವೊಂದು ಸಿಕ್ಕಿದ್ದು ನಮ್ಮ ಪುಣ್ಯ. ಒಳಗೆ ನಿಂತು ಹತ್ತು ನಿಮಿಷವೂ ಆಗಿರಲಿಲ್ಲ, ರಸ್ತೆಯಾಚೆಯ ಕಾಫಿ ತೋಟದ ಸಿಲ್ವರ್ ಮರಕ್ಕೆ ಸಿಡಿಲು ಬಡಿಯಿತು. ತಂಗಿ ನನ್ನ ಕೈ ಬಿಡಲಿಲ್ಲ. ಮಳೆ ನಿಂತಾಗ ಕತ್ತಲಾಗಿತ್ತು, ರಸ್ತೆಯ ತುಂಬ ಕೊಂಬೆಗಳು ಮುರಿದು ಬಿದ್ದಿದ್ದವು. ಮಡಿಕೇರಿಗೆ ಮುಟ್ಟಿದ್ದು ರಾತ್ರಿ ಒಂಬತ್ತೂವರೆಗೆ. ಅಂದು ರಾತ್ರಿಯೇ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದೆ: ಮಧ್ಯಾಹ್ನ ಎರಡಕ್ಕೆ ಗಾಡಿ ನಿಲ್ಲಬೇಕು.

ಮಳೆಯ ಲೆಕ್ಕ

ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನ ಮಳೆ ಮುಂಗಾರಿನಂತೆ ದಿನವಿಡೀ ಸುರಿಯುವುದಿಲ್ಲ. ಬೆಳಗಿನಿಂದ ಬಿಸಿಲು ನೆಲವನ್ನು ಕಾಯಿಸುತ್ತದೆ, ಸಮುದ್ರದ ಕಡೆಯ ತೇವದ ಗಾಳಿ ಘಟ್ಟವೇರುತ್ತದೆ, ಮಧ್ಯಾಹ್ನದ ನಂತರ ಮೋಡ ಕಟ್ಟುತ್ತದೆ. ಸಾಮಾನ್ಯವಾಗಿ ಮೂರರಿಂದ ಏಳರ ನಡುವೆ ಗುಡುಗು ಮಳೆ. ಮರುದಿನ ಬೆಳಗ್ಗೆ ಏನೂ ಆಗದಂತೆ ಆಕಾಶ ತೊಳೆದಿಟ್ಟಂತಿರುತ್ತದೆ. ಹಾಗಾಗಿ ಬೆಳಗಿನ ಹೊತ್ತು ಸವಾರನದು, ಮಧ್ಯಾಹ್ನದ ನಂತರದ್ದು ಮಳೆಯದು.

ನಮ್ಮ ಅಜ್ಜ ಪಂಚಾಂಗ ನೋಡಿ ಗದ್ದೆಯ ಕೆಲಸ ಗೊತ್ತುಮಾಡುತ್ತಿದ್ದರು. ನಾನು ಅದೇ ಪಂಚಾಂಗ ನೋಡಿ ಪ್ರವಾಸದ ದಿನ ಗೊತ್ತುಮಾಡುತ್ತೇನೆ. ಅಶ್ವಿನಿ ಮಳೆ ಏಪ್ರಿಲ್ ನಡುವಿನಲ್ಲಿ ಶುರುವಾಗುತ್ತದೆ, ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕಾ ಮೇ 11ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ. ಭರಣಿ ಸುರಿದರೆ ಧರಣಿ ಬದುಕೀತು ಎನ್ನುತ್ತಾರೆ. ಒಂದೆರಡು ಭರಣಿ ಮಳೆ ಬಿದ್ದ ಮೇಲೆ ರಸ್ತೆಯ ಧೂಳು ಅಡಗುತ್ತದೆ, ಕಾಡಿನ ಬೆಂಕಿಯ ಹೊಗೆ ಇಳಿಯುತ್ತದೆ, ಬಿಸಿಲಿನ ಉರಿಯೂ ತಗ್ಗುತ್ತದೆ. ಆದ್ದರಿಂದ ಭರಣಿಯಲ್ಲಿ ಹೊರಟು ಕೃತ್ತಿಕಾದ ಮೊದಲ ದಿನಗಳಲ್ಲಿ ಮನೆ ಸೇರುವುದು ನನ್ನ ಕ್ರಮ. ರೋಹಿಣಿಯನ್ನು ನಂಬಬೇಡಿ. ಕೇರಳಕ್ಕೆ ಮುಂಗಾರು ಮುಟ್ಟುವ ಸಾಮಾನ್ಯ ದಿನ ಜೂನ್ 1 ಎಂದು ಹವಾಮಾನ ಇಲಾಖೆ ಹೇಳುತ್ತದೆ. ಆದರೆ 2025ರಲ್ಲಿ ಮೇ 24ಕ್ಕೇ ಮುಟ್ಟಿತು. ಮೇ ಕೊನೆಯ ವಾರಕ್ಕೆ ಪ್ರವಾಸ ಇಟ್ಟುಕೊಂಡವರು ಆ ವರ್ಷ ವಯನಾಡು, ಕೊಡಗಿನಲ್ಲಿ ಬೇಸಿಗೆಯನ್ನಲ್ಲ, ಮಳೆಗಾಲವನ್ನೇ ಕಂಡರು.

ಗುಡುಗು ಕೇಳಿದ ಕೂಡಲೇ ನಿಲ್ಲಿಸಿ. ಮರದ ಕೆಳಗೆ ನಿಲ್ಲಬೇಡಿ, ಗಾಡಿಗೆ ಒರಗಿಯೂ ನಿಲ್ಲಬೇಡಿ. ಅಂಗಡಿ, ಮನೆ, ಶಾಲೆ, ಯಾವುದಾದರೂ ಗೋಡೆಯಿರುವ ಕಟ್ಟಡ ಹುಡುಕಿ. ಮಲೆನಾಡಿನಲ್ಲಿ ಮಳೆಗೆ ಜಗಲಿ ಹತ್ತಿ ನಿಂತವರಿಗೆ ಬೇಡವೆಂದವರನ್ನು ನಾನು ಇನ್ನೂ ಕಂಡಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಡಬಾರದು. ಇನ್ನೊಂದು ಮಾತು: ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಬೀಳುವ ಮೊದಲ ಮಳೆ ಅತ್ಯಂತ ಜಾರು. ಲಾರಿಗಳು ಸುರಿಸಿದ ಎಣ್ಣೆ, ಧೂಳು, ಒಣಗಿದ ಎಲೆ ಸೇರಿ ಸಾಬೂನಿನಂತಾಗುತ್ತದೆ. ಬಿದಿರು ಮೆಳೆಯ ಪಕ್ಕದ ತಿರುವುಗಳಲ್ಲಿ ಇದು ಹೆಚ್ಚು.

ಕಿಲೋಮೀಟರ್ ಅಲ್ಲ, ತಾಸು

ಬಯಲುಸೀಮೆಯ ಹೆದ್ದಾರಿಯಲ್ಲಿ ದಿನಕ್ಕೆ 400 ಕಿ.ಮೀ. ಹೋಗುವವರು ಘಟ್ಟದಲ್ಲೂ ಅದೇ ಲೆಕ್ಕ ಹಾಕುತ್ತಾರೆ. ನನ್ನ ಪುಸ್ತಕದಲ್ಲಿ ಲೆಕ್ಕ ಹೀಗಿದೆ: ಬಯಲಿನಲ್ಲಿ ತಾಸಿಗೆ 45 ಕಿ.ಮೀ., ಮಲೆನಾಡಿನ ಒಳರಸ್ತೆಯಲ್ಲಿ 35, ತಿರುವುಗಳ ಘಟ್ಟದಲ್ಲಿ 22. ಒಂದೂವರೆ ತಾಸು ಓಡಿಸಿದ ಮೇಲೆ ಕಾಲು ತಾಸು ನಿಲ್ಲುವುದು ಕಡ್ಡಾಯ. ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಆರೂಕಾಲಿಗೆ ಹೊರಟು ಎರಡಕ್ಕೆ ನಿಲ್ಲುವುದೆಂದರೆ ಕೈಯಲ್ಲಿರುವುದು ಏಳೂಮುಕ್ಕಾಲು ತಾಸು, ಅದರಲ್ಲಿ ವಿಶ್ರಾಂತಿ, ತಿಂಡಿ, ಪೆಟ್ರೋಲ್ ಕಳೆದರೆ ಆರು ತಾಸು. 200 ಕಿ.ಮೀ.ಗಿಂತ ಹೆಚ್ಚು ದೂರವನ್ನು ಯಾವ ದಿನಕ್ಕೂ ಇಡಬೇಡಿ. ಕತ್ತಲಿರುವಾಗಲೇ ಹೊರಟು ಸಮಯ ಗಳಿಸುವ ಯೋಚನೆಯೂ ಬೇಡ. ಆ ಹೊತ್ತು ಕಾಟಿ (ಕಾಡುಕೋಣ), ಜಿಂಕೆ, ಆನೆಗಳು ರಸ್ತೆ ದಾಟುವ ಹೊತ್ತು.

ಯೋಜನೆ ಹಾಕುವಾಗ ಮೊದಲು ತಂಗುವ ಊರುಗಳನ್ನು ಗುರುತಿಸಿ, ಆಮೇಲೆ ರಸ್ತೆ ಎಳೆಯಿರಿ. ನಾನು ಪ್ರತಿ ದಿನಕ್ಕೂ ಒಂದು ಪುಟ ಇಡುತ್ತೇನೆ. ಅದರಲ್ಲಿ ಹೊರಡುವ ಹೊತ್ತು, ನಡುವಿನ ಪ್ರತಿ ಊರು ಮುಟ್ಟಬೇಕಾದ ಹೊತ್ತು, ಪೆಟ್ರೋಲ್ ಬಂಕ್ ಇರುವ ಕೊನೆಯ ಊರು, ಅರಣ್ಯ ಚೆಕ್‌ಪೋಸ್ಟಿನ ಸಮಯ. ಇವೆಲ್ಲಕ್ಕಿಂತ ಮುಖ್ಯವಾದದ್ದು ನಾವು ‘ತುಂಡು ಊರು’ ಎಂದು ಕರೆಯುವುದು. ಹನ್ನೊಂದು ಗಂಟೆಗೆ ಅರ್ಧದಾರಿಯೂ ಆಗಿಲ್ಲವೆಂದರೆ ಅಂದಿನ ಓಟವನ್ನು ತುಂಡುಮಾಡಿ ಅಲ್ಲೇ ಉಳಿಯಬೇಕಾದ ಊರು ಅದು. ಊರಿನ ಹೆಸರು ಮೊದಲೇ ಬರೆದಿದ್ದರೆ ದಾರಿಯಲ್ಲಿ ವಾದ ಬರುವುದಿಲ್ಲ. "ಅಕ್ಕಾ, ಇನ್ನು ಬರೀ ಅರವತ್ತು ಕಿಲೋಮೀಟರ್" ಎಂದು ತಂಗಿ ಹೇಳಿದಾಗ ನಾನು ಪುಸ್ತಕ ತೆಗೆದು ತೋರಿಸುತ್ತೇನೆ. ಕೆಲವು ವರ್ಷ ಅವಳು ನನಗೇ ತೋರಿಸಿದ್ದಾಳೆ.

ನಾವು ಹೋಗುವ ದಾರಿ

ಮೊದಲ ದಿನ ಶಿರಸಿಯಿಂದ ಸಿದ್ದಾಪುರ, ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ. ಸುಮಾರು 200 ಕಿ.ಮೀ. ತುಂಡು ಊರು ತೀರ್ಥಹಳ್ಳಿ. ಜೋಗಕ್ಕೆ ತಿರುಗುವ ಆಸೆಯಾಗುತ್ತದೆ, ಆದರೆ ಬೇಸಿಗೆಯ ಜೋಗದಲ್ಲಿ ಬಂಡೆ ಮಾತ್ರ ಕಾಣುತ್ತದೆ; ಅದನ್ನು ಮಳೆಗಾಲಕ್ಕೆ ಬಿಡಿ.

ಎರಡನೇ ದಿನ ನನಗೆ ಇಡೀ ಪ್ರವಾಸದಲ್ಲಿ ಅತ್ಯಂತ ಪ್ರಿಯವಾದದ್ದು. ಶೃಂಗೇರಿಯಿಂದ ತನಿಕೋಡು, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಕುದುರೆಮುಖ, ಕಳಸ, ಅಲ್ಲಿಂದ ಕೊಟ್ಟಿಗೆಹಾರ, ಮೂಡಿಗೆರೆ, ಸಕಲೇಶಪುರ. ಟ್ಯಾಂಕನ್ನು ಶೃಂಗೇರಿಯಲ್ಲೇ ತುಂಬಿಸಿ. ತನಿಕೋಡು ಚೆಕ್‌ಪೋಸ್ಟ್ ದಾಟಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಗೇಟುಗಳ ಸಮಯ ಆಗಾಗ ಬದಲಾಗುವುದರಿಂದ ಹಿಂದಿನ ಸಂಜೆಯೇ ಶೃಂಗೇರಿಯಲ್ಲಿ ಕೇಳಿಕೊಳ್ಳಬೇಕು. ಕಾಡಿನ ನಡುವೆ ನಿಲ್ಲಬಾರದು, ತಿನ್ನಬಾರದು, ಏನನ್ನೂ ಎಸೆಯಬಾರದು. ಬೆಳಗ್ಗೆ ಏಳರ ಹೊತ್ತಿಗೆ ಅಲ್ಲಿದ್ದರೆ ಕಣಿವೆಯ ಶೋಲಾ ಕಾಡುಗಳಿಂದ ಮಂಜು ಏಳುತ್ತಿರುತ್ತದೆ, ಅದರ ಮೇಲೆ ಹುಲ್ಲುಗುಡ್ಡಗಳು ಒಂದರ ಹಿಂದೊಂದು. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖ ಊರು ಈಗ ಮೌನವಾಗಿದೆ. ಆ ಮೌನವನ್ನು ಕೇಳುವುದಕ್ಕಾಗಿಯೇ ನಾನು ಇಲ್ಲಿ ಗೇರ್ ಕಡಿಮೆ ಮಾಡಿ ನಿಧಾನವಾಗಿ ಹೋಗುತ್ತೇನೆ. ಮೊಬೈಲ್ ಸಂಪರ್ಕ ಬಹುಪಾಲು ಇರುವುದಿಲ್ಲ. ಇಬ್ಬರಿದ್ದರೆ ಎಲ್ಲಿ ಸೇರಬೇಕೆಂದು ಹೊರಡುವ ಮುನ್ನವೇ ಹೇಳಿಕೊಳ್ಳಿ, ಮುಂದಿರುವವರು ಪ್ರತಿ ತಿರುವಿನ ನಂತರ ಕನ್ನಡಿಯಲ್ಲಿ ಹಿಂದಿನವರ ದೀಪ ನೋಡಲಿ. ತುಂಡು ಊರು ಕಳಸ.

ಮೂರನೇ ದಿನ ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆ ಮೂಲಕ ಮಡಿಕೇರಿ. ಬೇಗ ಮುಗಿಯುತ್ತದೆ. ನಾಲ್ಕನೇ ದಿನ ವಿಶ್ರಾಂತಿ. ಐದನೇ ದಿನ ವಿರಾಜಪೇಟೆ, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿ ದಾಟಿ ಸುಲ್ತಾನ್ ಬತ್ತೇರಿ. ಆರನೇ ದಿನ ಗೂಡಲೂರಿನಿಂದ ಊಟಿಗೆ ಏರುವುದು.

ಊಟಿಗೆ ಹೋಗುವ ದಿನ ಶನಿವಾರ, ಭಾನುವಾರ ಆಗದಂತೆ ಶಿರಸಿಯಿಂದ ಹೊರಡುವ ವಾರವನ್ನು ಹಿಂದಿನಿಂದ ಎಣಿಸಿ ಗೊತ್ತುಮಾಡಿ. ನಾವು ಸಾಮಾನ್ಯವಾಗಿ ಗುರುವಾರ ಹೊರಟು ಮುಂದಿನ ಮಂಗಳವಾರ ಊಟಿ ಸೇರುತ್ತೇವೆ. 2024ರ ಮೇ ತಿಂಗಳಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ, ನೀಲಗಿರಿಗೆ ಹೊರಗಿನ ವಾಹನಗಳು ಬರಲು ಇ-ಪಾಸ್ ಬಂದಿದೆ. ಹೊರಡುವ ವಾರ ನಿಯಮ ನೋಡಿ ಪಾಸ್ ಮಾಡಿಸಿ ಕಾಗದದ ಮೇಲೂ ಮುದ್ರಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಆ ಜಿಲ್ಲೆಯಲ್ಲಿ ನಿಷಿದ್ಧ, ಸ್ಟೀಲಿನದು ಒಯ್ಯಿರಿ. ಊಟಿ 2,240 ಮೀಟರ್ ಎತ್ತರದಲ್ಲಿದೆ. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗೆ ಅಲ್ಲಿ ಸ್ವಲ್ಪ ಏದುಸಿರು ಬರುತ್ತದೆ, ಗಾಬರಿಯಾಗಬೇಡಿ.

ಇಳಿಯುವಾಗ ಕಲ್ಲಟ್ಟಿಯ 36 ತಿರುವುಗಳ ದಾರಿ ಹಿಡಿಯಬೇಡಿ, ಹೊರಗಿನವರ ವಾಹನಗಳನ್ನು ಅಲ್ಲಿ ಇಳಿಯಲು ಬಿಡುವುದೂ ಇಲ್ಲ. ಬಂದಂತೆ ಗೂಡಲೂರಿಗೆ ಇಳಿದು ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆ, ಮೈಸೂರು. ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ. ಎರಡಕ್ಕೆ ನಿಲ್ಲುವವರಿಗೆ ಅದು ಎಂದೂ ತೊಂದರೆಯಾಗುವುದಿಲ್ಲ. ರಸ್ತೆಯಲ್ಲಿ ಆನೆ ಇದ್ದರೆ ದೂರದಲ್ಲೇ ನಿಂತು ದೊಡ್ಡ ವಾಹನವೊಂದು ಬರುವವರೆಗೆ ಕಾಯಿರಿ; ಹಾರ್ನ್ ಬೇಡ, ಫೋಟೊ ಬೇಡ.

ಮೈಸೂರಿನಿಂದ ಹಾಸನ, ಬೇಲೂರು, ಚಿಕ್ಕಮಗಳೂರು, ಮತ್ತೆ ಶಿವಮೊಗ್ಗ, ಸಾಗರ, ಮನೆ. ಒಂದು ವರ್ಷ ಸಂಪಾಜೆ ಘಟ್ಟ ಇಳಿದು ಕರಾವಳಿಯ ಹೆದ್ದಾರಿ ಹಿಡಿದು ಬಂದೆವು. ಕುಂದಾಪುರ ದಾಟುವಷ್ಟರಲ್ಲಿ ಹೆಲ್ಮೆಟ್ಟಿನೊಳಗಿಂದ ಬೆವರು ಕಣ್ಣಿಗಿಳಿಯುತ್ತಿತ್ತು. ಭಟ್ಕಳದಲ್ಲಿ ತಂಗಿಗೆ ತಲೆ ಸುತ್ತು ಬಂತು. ಹೊನ್ನಾವರ, ಕುಮಟಾ, ಅಂಕೋಲೆ, ಕಾರವಾರದವರು ಕರಾವಳಿಗೆ ಇಳಿಯಲೇಬೇಕಲ್ಲ, ಅವರು ಸಾಗರ ಅಥವಾ ಶಿರಸಿಯವರೆಗೆ ಘಟ್ಟದ ಮೇಲೇ ಬಂದು, ಅಲ್ಲಿ ಒಂದು ರಾತ್ರಿ ಉಳಿದು, ಮರುದಿನ ಬೆಳಗ್ಗೆ ಗೇರುಸೊಪ್ಪೆಯ ಕಡೆಯಿಂದಲೋ ದೇವಿಮನೆಯಿಂದಲೋ ಅರಬೈಲಿನಿಂದಲೋ ಇಳಿಯಲಿ. ದೇವಿಮನೆ ಘಟ್ಟದ ರಸ್ತೆಯ ಸ್ಥಿತಿಯನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಗಾಡಿಯ ಸಿದ್ಧತೆ

ಹದಿನೈದು ದಿನ ಮುಂಚೆ ಗ್ಯಾರೇಜಿಗೆ ಬಿಡಿ, ಹಿಂದಿನ ದಿನ ಅಲ್ಲ. ಹೊಸದಾಗಿ ಹಾಕಿದ ಭಾಗ ಕೈಕೊಡುವುದಿದ್ದರೆ ಶಿರಸಿಯಲ್ಲೇ ಕೊಡಲಿ. ಬ್ರೇಕ್ ಪ್ಯಾಡ್, ಹಿಂದಿನ ಬ್ರೇಕ್ ಶೂ, ಬ್ರೇಕ್ ಆಯಿಲ್, ಎಂಜಿನ್ ಆಯಿಲ್, ಟೈರ್, ಚೈನ್ ನೋಡಿಸಿ. ಬ್ರೇಕ್ ಆಯಿಲ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಜಿಲ್ಲೆಯ ಮಳೆಗಾಲ ಕಂಡ ಆಯಿಲ್ ಕಾದಾಗ ಬೇಗ ಕುದಿಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿ ಮೆತ್ತಗಾಗುತ್ತದೆ. ಎರಡು ವರ್ಷವಾಗಿದ್ದರೆ ಬದಲಿಸಿ. ಕಡಲ ಪಕ್ಕದ ಗಾಡಿಗಳಿಗೆ ಚೈನ್ ತುಕ್ಕು ಇನ್ನೊಂದು ಚಿಂತೆ. ತಂಗಿ ವಾರಕ್ಕೊಮ್ಮೆ ಚೈನಿಗೆ ಎಣ್ಣೆ ಹಾಕುತ್ತಾಳೆ.

ನಮ್ಮ ಮೆಕ್ಯಾನಿಕ್ ಮೊದಲ ವರ್ಷವೇ ಒಂದು ಉಪಾಯ ಕಲಿಸಿದ. "ಅಕ್ಕೋರೇ, ಬಿಡಿ ಕ್ಲಚ್ ಕೇಬಲ್ ಚೀಲದಲ್ಲಿ ಇಡಬೇಡಿ, ಹಳೆಯದರ ಪಕ್ಕಕ್ಕೇ ಕಟ್ಟಿ ಕಳಿಸುತ್ತೇನೆ. ತುಂಡಾದರೆ ಎರಡೂ ತುದಿ ಸಿಕ್ಕಿಸಿದರೆ ಆಯಿತು" ಎಂದ. ಮೂರನೇ ವರ್ಷ ವಿರಾಜಪೇಟೆಯ ಆಚೆ ತುಂಡಾಯಿತು. ಹತ್ತು ನಿಮಿಷದಲ್ಲಿ ಹೊರಟೆವು. ಇದರ ಜೊತೆಗೆ ಒಂದು ಸ್ಪಾರ್ಕ್ ಪ್ಲಗ್, ಎರಡು ಫ್ಯೂಸ್, ಚೈನ್ ಲಾಕ್, ಪಂಕ್ಚರ್ ಸಾಮಾನು, ಸಣ್ಣ ಪಂಪು, ಗಾಡಿಯೊಂದಿಗೆ ಕೊಟ್ಟ ಸ್ಪ್ಯಾನರ್‌ಗಳು. ಇವುಗಳನ್ನು ಬಳಸುವುದನ್ನು ಮನೆಯ ಅಂಗಳದಲ್ಲಿ ಒಮ್ಮೆ ಮಾಡಿ ನೋಡಿ.

ಸಾಮಾನು ಕಟ್ಟಿದ ಗಾಡಿ ಬೇರೆಯೇ ಗಾಡಿ. ಆದ್ದರಿಂದ ಹೊರಡುವ ಮುಂಚಿನ ಒಂದು ಭಾನುವಾರ ಪೂರ್ತಿ ಸಾಮಾನು ಕಟ್ಟಿಕೊಂಡು ದೇವಿಮನೆ ಇಳಿದು ಕುಮಟಾ, ಅಂಕೋಲೆ, ಅಲ್ಲಿಂದ ಅರಬೈಲ್ ಹತ್ತಿ ಯಲ್ಲಾಪುರ, ಶಿರಸಿ ಎಂದು ಸುತ್ತಿ ಬನ್ನಿ. ದೇವಿಮನೆ ನಿಮಗೆ ತಿರುವು ಕಲಿಸುತ್ತದೆ, ಅರಬೈಲ್ ಲಾರಿಗಳ ನಡುವೆ ತಾಳ್ಮೆ ಕಲಿಸುತ್ತದೆ. ಸಂಜೆ ಮನೆಗೆ ಬಂದಾಗ ಎಲ್ಲಿ ನೋವಾಗಿದೆ, ಯಾವ ಹಗ್ಗ ಸಡಿಲಾಗಿದೆ ನೋಡಿ. ಚೀಲದಿಂದ ಅರ್ಧ ಬಟ್ಟೆ ಹೊರಗೆ ಬರುವುದೂ ಅಂದೇ.

ಘಟ್ಟ ಇಳಿಯುವುದು

ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಗಾಡಿಯನ್ನು ಜಾರಲು ಬಿಡುವವರನ್ನು ನಾನು ಪ್ರತಿ ಘಟ್ಟದಲ್ಲೂ ಕಂಡಿದ್ದೇನೆ, ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಎಂಜಿನ್ ಹಿಡಿತವಿಲ್ಲದೆ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ನಾನೂ ಒಮ್ಮೆ ಚಾರ್ಮಾಡಿ ಘಟ್ಟವನ್ನು ಹಿಂದಿನ ಬ್ರೇಕನ್ನು ಒತ್ತಿಹಿಡಿದೇ ಇಳಿದೆ. ಅರ್ಧಕ್ಕೆ ಸುಟ್ಟ ವಾಸನೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯದ ಪೆಡಲ್. ಎರಡನೇ ಗೇರಿಗೆ ಇಳಿಸಿ, ಮುಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿದು ರಸ್ತೆಯ ಒಳಬದಿಗೆ ನಿಲ್ಲಿಸಿ ಅರ್ಧ ತಾಸು ತಣಿಯಲು ಬಿಟ್ಟೆ. ಬ್ರೇಕನ್ನು ತಿರುವಿನ ಮುಂಚೆ ಹಿಡಿದು ವೇಗ ಇಳಿಸಿ ಬಿಡಬೇಕು, ತಿರುವಿನೊಳಗೆ ಹಿಡಿಯಬಾರದು. ಹತ್ತುತ್ತಿರುವ ವಾಹನಕ್ಕೆ ದಾರಿ ಬಿಡುವುದು ನಿಯಮವೂ ಹೌದು, ಮರ್ಯಾದೆಯೂ ಹೌದು. ಬಸ್ಸು, ಲಾರಿಗೆ ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ ರಸ್ತೆ ಬೇಕು; ಅದು ತಿರುಗಿ ಮುಗಿಯುವವರೆಗೆ ತಿರುವಿನ ಮುಂಚೆಯೇ ನಿಲ್ಲಿ.

ಮೈಯ ಕಾಳಜಿ

ಮುರುಗಲು ಸಿಪ್ಪೆ ಒಣಗಿಸಿದ್ದು, ಬೆಲ್ಲ, ಉಪ್ಪು ನಮ್ಮ ಚೀಲದಲ್ಲಿ ಸದಾ ಇರುತ್ತದೆ. ರಾತ್ರಿ ನೆನೆಸಿಟ್ಟರೆ ಬೆಳಗ್ಗೆಗೆ ಪಾನಕ. ಬಾಯಾರುವ ಮುಂಚೆ ಕುಡಿಯಿರಿ, ನಿಂತಾಗಲೆಲ್ಲ ಕುಡಿಯಿರಿ. ಓಆರ್‌ಎಸ್ ಪೊಟ್ಟಣಗಳೂ ಇರಲಿ. ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇಬ್ಬರಿಗೂ, ಹಿಂದೆ ಕುಳಿತವರಿಗೂ. ಸೆಕೆಯೆಂದು ಜಾಕೆಟ್ ತೆಗೆಯಬೇಡಿ, ಜಾಳಿಗೆಯಂತಹ ಬಟ್ಟೆಯದು ಕೊಂಡರೆ ಗಾಳಿಯಾಡುತ್ತದೆ. ಮಳೆಕೋಟು ಎಲ್ಲದರ ಮೇಲೆ ಇರಲಿ, ಕೈಗೆ ಮೊದಲು ಸಿಗುವಂತೆ.

ನಮ್ಮ ಕಡೆಯವರಿಗೆ ಗೊತ್ತಿರುವ, ಹೊರಗಿನವರು ಮರೆಯುವ ಒಂದು ಅಪಾಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಬೇಸಿಗೆಯಲ್ಲೂ ಕಾಣಿಸಿಕೊಳ್ಳುತ್ತದೆ. ಸಿದ್ದಾಪುರ, ಸಾಗರ, ತೀರ್ಥಹಳ್ಳಿಯ ಕಾಡಂಚಿನಲ್ಲಿ ತರಗೆಲೆಯ ಮೇಲೆ ಕುಳಿತರೆ, ಮಲಗಿದರೆ ಉಣುಗು ಹತ್ತುತ್ತದೆ, ರೋಗ ಹರಡುವುದು ಅದರಿಂದ. ನೆರಳು ತಂಪಾಗಿದೆಯೆಂದು ಮರದ ಬುಡದಲ್ಲಿ ಒರಗಬೇಡಿ. ಹೋಟೆಲಿನ ಬೆಂಚು, ದೇವಸ್ಥಾನದ ಕಟ್ಟೆ ಸಾಕು. ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೈ ನೋಡಿಕೊಳ್ಳಿ, ಬಟ್ಟೆ ಒಗೆಯಿರಿ. ಮನೆಗೆ ಬಂದ ಮೇಲೆ ಜೋರು ಜ್ವರ, ತಲೆನೋವು ಬಂದರೆ ಯಾವ ಕಾಡಿನ ಕಡೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ.

ಉಳಿದದ್ದು ಚಿಕ್ಕದು. ಚಾಲನಾ ಪರವಾನಗಿ, ಆರ್.ಸಿ., ವಿಮೆ, ಹೊಗೆ ತಪಾಸಣೆಯ ಪತ್ರ ಡಿಜಿಲಾಕರ್‌ನಲ್ಲೂ ಕಾಗದದಲ್ಲೂ ಇರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಶೃಂಗೇರಿ, ಮಡಿಕೇರಿ, ಊಟಿಯಲ್ಲಿ ಕೋಣೆ ಮೊದಲೇ ಗೊತ್ತುಮಾಡಿ, ಬೇಸಿಗೆ ರಜೆಯ ಜನಸಂದಣಿ ಇರುತ್ತದೆ. ಕೋಣೆ ಕೇಳುವಾಗ ಗಾಡಿಗೆ ಮಾಡಿನ ಕೆಳಗೆ ಜಾಗವಿದೆಯೇ ಎಂದೂ ಕೇಳಿ.

ಎರಡಕ್ಕೆ ನಿಂತ ಮೇಲೆ ಸಂಜೆಯವರೆಗೆ ಏನು ಮಾಡುವುದೆಂದು ಕೆಲವರು ಕೇಳುತ್ತಾರೆ. ಉಂಡು ಒಂದು ನಿದ್ದೆ. ಎದ್ದ ಮೇಲೆ ಚೈನ್ ಒರೆಸಿ ಎಣ್ಣೆ ಹಾಕುವುದು, ನಟ್ಟುಗಳನ್ನು ಕೈಯಿಂದ ಮುಟ್ಟಿ ನೋಡುವುದು. ಟೈರಿನ ಗಾಳಿಯನ್ನು ಮಾತ್ರ ಬೆಳಗ್ಗೆ, ತಣ್ಣಗಿರುವಾಗ ನೋಡಬೇಕು. ಆಮೇಲೆ ಮರುದಿನದ ಪುಟ ತೆರೆದು ಊರವರನ್ನು ಕೇಳಿ ತಿದ್ದುವುದು: ಯಾವ ಸೇತುವೆಯ ಕೆಲಸ ನಡೆದಿದೆ, ಎಲ್ಲಿ ಮರ ಬಿದ್ದಿದೆ, ಯಾವ ಬಂಕಿನಲ್ಲಿ ಪೆಟ್ರೋಲ್ ಇಲ್ಲ. ಅಷ್ಟರಲ್ಲಿ ಗುಡುಗು ಶುರುವಾಗುತ್ತದೆ. ತಂಗಿ ಮನೆಯಿಂದ ತಂದ ಹಲಸಿನ ಹಪ್ಪಳವನ್ನು ಹೋಮ್‌ಸ್ಟೇಯವರಿಗೆ ಕೊಟ್ಟು ಕರಿಸುತ್ತಾಳೆ, ನಾವು ಜಗಲಿಯಲ್ಲಿ ಕುಳಿತು ಮಳೆ ನೋಡುತ್ತೇವೆ.